ಆಗಲೇ ಕೊಂಡವರು

ಒಂದು ಊರು, ಅಲ್ಲೊಬ್ಬ ಸಾಹುಕಾರ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈ ಪ್ರವಚನ ಮುಗಿದದ್ದೇ ನೇರ ಅವನ ಮನೆಗೇ ಹೋಗುತ್ತೀರಿ. ಪಾತ್ರೆ ವ್ಯಾಪಾರ, ಎರಡು ಅಂಗಡಿ, ದೇವರು ಕೊಟ್ಟದ್ದು ಸಾಕಷ್ಟಿತ್ತು. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್, ಆಮೇಲೆ ಗೇಟಿನ ಹೊರಗೆ ಗೆಳೆಯರ ಜೊತೆ ಚಹಾ. ಚಹಾದ ಜೊತೆ ಮಾತು. ಮಾತು ಯಾವುದರದ್ದು? ದೇವರದ್ದೇ? ಇಲ್ಲಪ್ಪಾ, ಷೇರಿನದ್ದು!

ಒಂದು ದೊಡ್ಡ ಕಂಪ್ಯೂಟರ್ ಕಂಪನಿಯ ಷೇರು ಇಳಿಯುತ್ತಿತ್ತು. ಯಾವ ಕಂಪನಿ ಅಂತ ಹಿಂದಿನ ಸಾಲಿನಲ್ಲಿ ಯಾರೋ ಕತ್ತು ಉದ್ದ ಮಾಡಿದರು, ನೋಡಿದೆ. ಸುಮ್ಮನೆ ಕೂತುಕೊಳ್ಳಿ. ಇಳಿಯುತ್ತಿತ್ತು, ದಿನಾ ಇಳಿಯುತ್ತಿತ್ತು. "ಈಗ ತಗೋಬೇಕು" ಅಂತ ಒಬ್ಬ. "ತಡೀರಿ, ಇನ್ನೂ ಬೀಳ್ತತಿ" ಅಂತ ಇನ್ನೊಬ್ಬ. ತಿಂಗಳಿಡೀ ಇದೇ ವಾದ.

ಆ ಗುಂಪಿನಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದ. ಮಾತು ಕಡಿಮೆ, ದುಡ್ಡಿನ ಲೆಕ್ಕ ಬಿಗಿ. ಬ್ಯಾಂಕಿನಲ್ಲಿ ಅವನದೊಂದಿಷ್ಟು ಹಣ, ಹೆಂಡತಿಯ ಮೊಣಕಾಲಿನ ಆಪರೇಷನ್ನಿಗೆ ಅಂತ ಇಟ್ಟದ್ದು. ಆಕೆ ಮನೆಯ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದಳು. ಒಂದು ದಿನ ಅವನು ಕೇಳಿದ: "ಸಾಹುಕಾರ್ರೇ, ಆಪರೇಷನ್ನಿಗೆ ಇನ್ನೂ ಟೈಮ್ ಐತಿ. ಈ ಷೇರಿಗೆ ಹಾಕಿದ್ರೆ ನಾಕು ಕಾಸು ಹೆಚ್ಚು ಬರ್ತಾವೇನ್ರಿ?"

"ಕಣ್ಮುಚ್ಚಿ ಹಾಕ್ರಿ. ಇದಕ್ಕಿಂತ ಕೆಳಗ ಎಲ್ಲಿ ಹೋಗ್ತತಿ?"

"ನೀವು ತಗೊಂಡೀರೇನು?"

"ಇಲ್ಲ. ನಾಳೆ ನಿಮ್ ಜೊತೀಗೇ ತಗೋತೀನಿ."

ಸುಳ್ಳು! ಅವನು ಆಗಲೇ ಕೊಂಡಿದ್ದ. ರೇಟು ಮೇಲಿದ್ದಾಗ ಕೊಂಡು ಅರ್ಧಕ್ಕರ್ಧ ಕಳೆದುಕೊಂಡಿದ್ದ. ಹಾಗಾದರೆ ಗೆಳೆಯನಿಗೆ ಯಾಕೆ ಹಾಕು ಅಂದ? ದ್ವೇಷವೇ? ಅಲ್ಲ. ಇಂಥ ಹುಷಾರಿ ಮನುಷ್ಯನೂ ಕೊಂಡರೆ ತಾನು ಕೊಂಡದ್ದು ತಪ್ಪಲ್ಲ ಅನ್ನಿಸುತ್ತದೆ, ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು!

ಸಾಹುಕಾರ ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ರೊಟ್ಟಿ ತಟ್ಟುತ್ತಿದ್ದ ಆಕೆ ಕೈ ನಿಲ್ಲಿಸಿದಳು. "ಅಲ್ರೀ, ಆಯಮ್ಮ ಮೆಟ್ಲು ಇಳಿಯೋದು ನೀವು ನೋಡಿಲ್ಲೇನು? ನಿಮ್ಮ ಮಾನ ಉಳಿಸ್ಕೊಳ್ಳಾಕ ಆಕಿ ಕಾಲು ಬೇಕಾತೇನು?" ಸಾಹುಕಾರ ಊಟಕ್ಕೆ ಕೂತ. ಅರ್ಧ ರೊಟ್ಟಿ ಬಿಟ್ಟು ಎದ್ದ.

ಮರುದಿನ ಕಂಡಕ್ಟರ್ ಮೊಬೈಲ್ ಕೈಯಲ್ಲಿ ಹಿಡಿದೇ ಬಂದ. "ಎಲ್ಲಾ ತುಂಬೀನಿ. ಒತ್ತಲೇನ್ರಿ?"

"ಒತ್ತಬ್ಯಾಡ್ರಿ," ಅಂದ ಸಾಹುಕಾರ. "ನಿನ್ನೆ ನಾನು ಸುಳ್ಳು ಹೇಳಿದೆ. ಮೊದ್ಲೇ ತಗೊಂಡು ಕೈ ಸುಟ್ಕೊಂಡೀನಿ."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ವಕೀಲ ಮೆಲ್ಲಗೆ, "ನಾನೂ ತಗೊಂಡೀನಿ" ಅಂದ. "ತಡೀರಿ, ತಡೀರಿ" ಅನ್ನುತ್ತಿದ್ದವನೂ "ನಂದೂ ಅದೇ ಕಥಿ" ಅಂದ. ನೋಡಿ! ಯಾವಾಗ ಕೊಳ್ಳಬೇಕು ಅಂತ ತಿಂಗಳಿಡೀ ವಾದ ಮಾಡಿದವರೆಲ್ಲ ಆಗಲೇ ಕೊಂಡವರು!

ನೀವು ನಗುತ್ತಿದ್ದೀರಿ. ಕಂಡಕ್ಟರ್ ನಗಲಿಲ್ಲ. "ನಿನ್ನೆ ನಾನು ಕೇಳಿದಾಗ ಇಷ್ಟೂ ಮಂದಿ ಇಲ್ಲೇ ಕೂತಿದ್ರಿ. ಒಬ್ಬರಿಗೂ ಬಾಯಿ ಬರ್ಲಿಲ್ಲೇನು?" ಅಂದ. ಮೊಬೈಲ್ ಜೇಬಿಗೆ ಹಾಕಿಕೊಂಡು ಹೋದ. ಆಪರೇಷನ್ ಆಯಿತು, ಆಕೆ ನಡೆದಾಡಿದಳು. ಅವನು ಮಾತ್ರ ಮತ್ತೆ ಆ ಚಹಾಕ್ಕೆ ಬರಲಿಲ್ಲ.

ಷೇರು ಆಮೇಲೆ ಏರಿತೇ ಅಂತ ನನ್ನನ್ನು ಕೇಳಬೇಡಿ. ನಿಮ್ಮನ್ನು ನಾನು ಕೇಳುತ್ತೇನೆ. ನೀರು ಬಾರದ ಬಡಾವಣೆಯಲ್ಲಿ ಸೈಟು ಕೊಂಡು, ಬೀಗರಿಗೂ ಪಕ್ಕದ್ದೇ ಕೊಡಿಸಿದವರು ಇಲ್ಲಿ ಇಲ್ಲವೇ? ಮಗನನ್ನು ಸೇರಿಸಿದ ಕಾಲೇಜಿನಲ್ಲಿ ಪಾಠವೇ ನಡೆಯುವುದಿಲ್ಲ ಅಂತ ಗೊತ್ತಿದ್ದೂ ತಮ್ಮನಿಗೆ "ಛಲೋ ಐತಿ, ನಿನ್ನ ಮಗನ್ನೂ ಹಾಕು" ಅಂದವರು ಇಲ್ಲವೇ? ಎಲ್ಲರೂ ನೆಲ ನೋಡುತ್ತಿದ್ದೀರಿ. ಯಾಕೆ?

ಯಾರಾದರೂ ಸಲಹೆ ಕೇಳಿಕೊಂಡು ಬಂದರೆ, ಸಲಹೆ ಆಮೇಲಿರಲಿ. ನಾನು ಮಾಡಿದ್ದು ಇದು, ನನಗಾದ ನಷ್ಟ ಇದು ಅಂತ ಮೊದಲು ಹೇಳಿ. ನಾಚಿಕೆಯಾಗುತ್ತದೆ, ಆಗಲಿ. ನಿಮ್ಮ ಮಾತು ನಂಬಿ ನಾಳೆ ಬ್ಯಾಂಕಿಗೆ ಹೋಗುವವರು ಈಗ ನಿಮ್ಮ ಪಕ್ಕದಲ್ಲೇ ಕೂತಿದ್ದರೆ, ಅವರ ಕಿವಿಯಲ್ಲಿ ಈಗಲೇ ಹೇಳಿಬಿಡಿ. ಪ್ರಸಾದ ಅರ್ಧ ಗಂಟೆ ತಡವಾದರೆ ಆಗಲಿ, ನಾನು ಕಾಯುತ್ತೇನೆ.