ಫೋನಿಗೆ ಹೇಳದ ಮಾತು

ಕೊರಿಯಾದ ಸಿಯೋಲ್‌ನ ಆಸ್ಪತ್ರೆಯೊಂದರ ಔಷಧದ ಸಾಲಿನಲ್ಲಿ ಒಕ್‌ಬುನ್ ಅಜ್ಜಿಯ ಮುಂದೆಯೇ ಗುರುತಿಲ್ಲದ ಅಕ್ಕತಂಗಿಯರಿಬ್ಬರು ಕಿತ್ತಾಡುತ್ತಿದ್ದರು. ಅಜ್ಜಿ ಕೇಳಿಸದವಳಂತೆ ನಿಂತಿದ್ದಳು.

“ಮದುವೆ ಅಕ್ಟೋಬರ್‌ಗೆ ಇಟ್ಕೋ ಅಂತ ಯಾರೇ ಹೇಳಿದ್ದು?”

“ಫೋನಿನ ಎಐ, ಅಕ್ಕ. ಏಪ್ರಿಲ್‌ನಲ್ಲಿ ಹಾಲ್ ದುಬಾರಿ, ಅವಸರಪಟ್ರೆ ಕೈ ಸುಟ್ಕೋತೀಯ ಅಂತು.”

“ಡಾಕ್ಟರು ಇವತ್ತು ಅಮ್ಮ ಇನ್ನೊಂದು ವಾರ ಉಳಿದ್ರೆ ಹೆಚ್ಚು ಅಂದ್ರು. ಮಂಟಪದಲ್ಲಿ ಇಬ್ಬರು ತಾಯಂದಿರೂ ಸೇರಿ ಮೇಣದಬತ್ತಿ ಹಚ್ಬೇಕಲ್ಲ, ನಿಮ್ಮತ್ತೆ ಜೊತೆ ಹಚ್ಚೋರ್ಯಾರು?”

“ನೀನೇ ಹಚ್ಚು. ಅಮ್ಮನ ಗುಲಾಬಿ ಹಾನ್‌ಬೊಕ್ ಉಡುಪು ನಿಂಗೆ ಸರಿಹೋಗತ್ತೆ.”

“ಬಾಯ್ಮುಚ್ಚು! ಹೂವಿನ ಬಣ್ಣಾನೂ ಆ ಎಐನೇ ಕೇಳ್ದೋಳು, ಅದಕ್ಕೆ ಅಮ್ಮನ ಕಾಯಿಲೆ ಹೇಳ್ಲಿಲ್ವಾ?”

ತಂಗಿಯ ದನಿ ಇಳಿಯಿತು.

“ಎರಡು ಸಲ ಬರೆದೆ. ಎರಡು ಸಲಾನೂ ಅಳಿಸ್ದೆ. ಬರೆದ್ರೆ ನಿಜ ಆಗ್ಬಿಡತ್ತೆ ಅನ್ನಿಸ್ತು.”

ಕಿಟಕಿಯಲ್ಲಿ ಅವರಮ್ಮನ ಹೆಸರು ಕೂಗಿದರು. “ಬಂದ್ವಿ” ಎನ್ನುತ್ತ ಇಬ್ಬರೂ ಒಟ್ಟಿಗೇ ಓಡಿದರು.