ನನ್ನ ಮೂಗಿನ ಮೇಲೆ ನಿಂತ ಕಣ್ಣು

ಮಾನ್ಯ ಅಧ್ಯಕ್ಷರಾದ ಡಾಕ್ಟರ್ ರಿಫ್ಅತ್ ಅವರೇ, ವೇದಿಕೆಯ ಹಿರಿಯರೇ, ನನ್ನ ಜೊತೆ ದುಡಿದ ದಾದಿಯರೇ, ಬಾಗಿಲ ಬಳಿ ನಿಂತೇ ಕೇಳುತ್ತಿರುವ ನಮ್ಮ ಆಯಾ ಉಮ್ಮು ಹಾಶಿಮ್ ಅವರೇ, ದುಮ್ಯಾತ್ ಊರಿನ ಸಭಿಕರೇ,

ಈ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ತಲೆ ಸುತ್ತು ಎಂದು ಬಂದವರ ತಲೆಯನ್ನು ಎರಡು ಕೈಯಲ್ಲಿ ಹಿಡಿದು, “ನನ್ನ ಮೂಗನ್ನೇ ನೋಡಿ” ಎಂದು ಹೇಳಿ, ತಟ್ಟನೆ ಪಕ್ಕಕ್ಕೆ ತಿರುಗಿಸುವುದು. ಮೂಗು ಎಲ್ಲಿದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ದೇವರು ಧಾರಾಳವಾಗಿಯೇ ಕೊಟ್ಟಿದ್ದಾನೆ.

ಒಳಗಿವಿ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಜಾರುತ್ತದೆ, ಆಮೇಲೆ ಓಡೋಡಿ ಮೂಗಿಗೆ ಮರಳುತ್ತದೆ. ಅದು ಒಳ್ಳೆಯ ಸುದ್ದಿ. ಕಿವಿಯ ಸುತ್ತು ವಾರಗಳಲ್ಲಿ ಇಳಿಯುತ್ತದೆ. ಆದರೆ ಬೆಳಗಿನಿಂದ ಲೋಕ ಗಿರಗಿರನೆ ತಿರುಗುತ್ತಲೇ ಇರುವವನ ಕಣ್ಣು ಮೊಳೆ ಹೊಡೆದಂತೆ ಮೂಗಿನ ಮೇಲೇ ನಿಂತರೆ? ಕಿವಿ ಸರಿಯಿದೆ. ಹಾಗಾದರೆ ಸುತ್ತು ಎಲ್ಲಿಂದ ಬಂತು? ಮಿದುಳಿನಿಂದ. ಅಲ್ಲಿ ರಕ್ತನಾಳ ಕಟ್ಟಿರಬಹುದು. ನಮ್ಮ ಕಸುಬಿನಲ್ಲಿ ಸರಿ ಎಂಬ ಮಾತೇ ಭಯದ ಮಾತು.

ಹನ್ನೊಂದು ವರ್ಷದ ಹಿಂದೆ, ಹಬ್ಬದ ಮುನ್ನಾದಿನ, ಕುರ್ಚಿ ಕೆತ್ತುವ ಮೇಸ್ತ್ರಿ, ನಾವೆಲ್ಲ ಉಸ್ತಾ ಎಂದು ಕರೆಯುವ ಶಬ್ರಾವಿ ಬಂದರು. ತಲೆಯಲ್ಲಿ ಬೆಳಗಿನಿಂದ ನಿಲ್ಲದ ಸುತ್ತು, ಕೈಯಲ್ಲಿ ವಾಂತಿಯ ಬಕೆಟ್ಟು, ಬಾಯಲ್ಲಿ ತಮಾಷೆ. “ಮೆಲ್ಲಗೆ ತಿರುಗಿಸಮ್ಮ, ಇದು ನಾನು ಕೆತ್ತೋ ಬೀಚ್ ಮರ ಅಲ್ಲ, ಹಳೇ ಕುತ್ತಿಗೆ.” ಮೂರು ಸಲ ತಿರುಗಿಸಿದೆ. ಮೂರು ಸಲವೂ ಕಣ್ಣು ಅಲುಗಲಿಲ್ಲ.

ಪರೀಕ್ಷೆಯ ಕಾಗದ ನೋಡಿದ ಕಿರಿಯ ವೈದ್ಯರು, “ಪರೀಕ್ಷೆ ಸರಿಯಾಗಿ ಬಂದಿದೆ ಉಸ್ತಾ, ಹೋಗಿ ಹಬ್ಬ ಮಾಡಿ” ಎಂದರು.

“ಡಾಕ್ಟರೇ, ತಲೆಯ ಸ್ಕ್ಯಾನ್ ಒಂದು...” ಎಂದೆ.

“ಇನ್ಶಿರಾಹ್ ಅಕ್ಕಾ, ತಲೆ ತಿರುಗ್ಸೋದು ನಿಮ್ಮ ಕೆಲಸ. ತಲೆ ಓಡ್ಸೋದು ನಮಗೆ ಬಿಡಿ.”

ಎಲ್ಲರೂ ನಕ್ಕರು. ಉಸ್ತಾ ಕೂಡ ನಕ್ಕರು. ಗೋಡೆ ಹಿಡಿದುಕೊಂಡೇ ಹೊರಗೆ ಹೋದರು. ಹಬ್ಬದ ದಿನ ಅವರನ್ನು ಹೊತ್ತು ತಂದಾಗ ಗುಟುಕು ನೀರು ಇಳಿಯುತ್ತಿರಲಿಲ್ಲ. ಉಳಿ ಹಿಡಿದ ಬಲಗೈಗೆ ಚಮಚವೂ ಭಾರವಾಗಿತ್ತು.

ಆ ಕಿರಿಯ ವೈದ್ಯರು ಯಾರೆಂದು ನಾನು ಹೇಳಬೇಕೇ? ಅಧ್ಯಕ್ಷರೇ, ನೀರು ಕುಡಿಯಿರಿ, ನಿಮ್ಮ ಮುಂದೆಯೇ ಇದೆ.

ಇಂದು ನನ್ನ ಬೀಳ್ಕೊಡುಗೆಯ ಜೊತೆಗೇ ಹೊಸ ಯಂತ್ರದ ಉದ್ಘಾಟನೆ. ರೋಗಿಯ ಕಣ್ಣಿಗೆ ಕನ್ನಡಕ ಕಟ್ಟಿ ಅದು ಕಣ್ಣಿನ ಓಟ ಅಳೆಯುತ್ತದೆ. ನನ್ನ ಕಣ್ಣಿಗಿಂತ ಚುರುಕು, ಒಪ್ಪಿದೆ. ಆದರೆ ಕೊನೆಗೆ ಏನು ಅಚ್ಚು ಹಾಕುತ್ತದೆ? ಹಸಿರು ಅಕ್ಷರದಲ್ಲಿ ‘ಸರಿ’. ಅದೇ ‘ಸರಿ’. ಅದರ ಕೆಳಗೆ ಒಂದು ಸಾಲು ಸೇರಿಸಿ ಎಂದು ಮೂರು ತಿಂಗಳಿಂದ ಬೇಡುತ್ತಿದ್ದೇನೆ: ಸುತ್ತು ನಿಲ್ಲದವರನ್ನು ಮನೆಗೆ ಕಳಿಸಬೇಡಿ. “ಜನ ಹೆದರ್ತಾರೆ ಅಕ್ಕಾ” ಎಂದಿರಿ. ಹೆದರಲಿ. ಹೆದರಿದವನು ಬದುಕುತ್ತಾನೆ.

ಇಷ್ಟು ಸಿಟ್ಟು ಯಾರ ಮೇಲೆ ಎಂದು ಕೇಳುತ್ತೀರಾ? ಆ ದಿನ ಕಾಗದದಲ್ಲಿ ‘ಸರಿಯಿದೆ’ ಎಂದು ಬರೆದ ಕೈ ಯಾವುದು? ಇದೇ ಕೈ. ಕೆಳಗೆ ಇನ್ನೊಂದು ಸಾಲು ಬರೆಯಲು ಜಾಗವಿತ್ತು. ಎಲ್ಲರೂ ನಕ್ಕಾಗ ನಾನೂ ನಕ್ಕೆ. ಉಸ್ತಾ ಬಾಗಿಲು ದಾಟುವವರೆಗೂ ನಗುತ್ತಲೇ ಇದ್ದೆ.

ಅವರು ಇಲ್ಲೇ ಇದ್ದಾರೆ, ಮೊದಲ ಸಾಲಿನಲ್ಲಿ, ಹೆಂಡತಿಯ ಪಕ್ಕದಲ್ಲಿ. ನಾನೇ ಕರೆದೆ. ಡಾಕ್ಟರ್ ರಿಫ್ಅತ್ ಅವರೇ, ನೆಲ ನೋಡಬೇಡಿ. ಅವರ ಮೂಗನ್ನೇ ನೋಡಿ.

ಉದ್ಘಾಟನೆಯ ಪಟ್ಟಿ ಕತ್ತರಿಸಲು ನನಗೆ ಕೊಟ್ಟ ಕತ್ತರಿಯನ್ನು ಉಸ್ತಾ ಅವರ ಎಡಗೈಗೆ ಕೊಡುತ್ತಿದ್ದೇನೆ. ಆ ಸಾಲು ಅಚ್ಚಾಗಿ ಬಂದ ದಿನ ಅವರು ಕತ್ತರಿಸುತ್ತಾರೆ. ಅಲ್ಲಿಯವರೆಗೆ ಪಟ್ಟಿ ಹಾಗೇ ಇರಲಿ.

ತಾಳ್ಮೆಯಿಂದ ಕೇಳಿದ ನಿಮಗೂ, ಹನ್ನೊಂದು ವರ್ಷ ನನ್ನನ್ನು ಬೈಯದೆ ಉಳಿದ ಉಸ್ತಾ ಅವರಿಗೂ ಕೃತಜ್ಞತೆಗಳು. ನಮಸ್ಕಾರ.