ಕಲ್ಲಿನ ಮೇಲಿನ ಹೆಸರು

ಇದು ನಮ್ಮ ಬೀದಿಯ ಇಂದ್ರಕುಮಾರನಿಗೆ ಆದದ್ದು. ಅರವತ್ತನಾಲ್ಕನೇ ಇಸವಿಯ ಬೇಸಿಗೆ. ಅರಕಲಗೂಡಿನಿಂದ ಬಂದ ಕಡೇ ಬಸ್ಸು ಅವನನ್ನು ಹೊಳೆನರಸೀಪುರದಲ್ಲಿ ಇಳಿಸಿದಾಗ ರಾತ್ರಿ ಹತ್ತೂವರೆ. ಮನೆಗೆ ಹತ್ತಿರದ ದಾರಿ ಅಂದರೆ ರೈಲು ಹಳಿಯ ಪಕ್ಕದ ಕಾಲುದಾರಿ. ಅಲ್ಲೊಂದು ಆಲದ ಮರ, ಅದರ ಬುಡದಲ್ಲಿ ಬತ್ತಿದ ಬಾವಿ...

ಅವನು ಹೆದರುವ ಆಸಾಮಿಯಲ್ಲ. ಆ ರಾತ್ರಿಯಂತೂ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದ. ಯಾಕೆ ಅಂತ ಹೇಳಬೇಕಾದರೆ ಮೊದಲು ಅವನ ಹೊಟ್ಟೆಕಿಚ್ಚಿನ ಸಂಗತಿ ಹೇಳಬೇಕು.

ಧನ್ಯಕುಮಾರ ಇವನ ದೊಡ್ಡಪ್ಪನ ಮಗ. ರೇಷ್ಮೆ ಸೀರೆಯ ವ್ಯಾಪಾರಿ. ಆ ವರ್ಷ ಮದರಾಸಿನಲ್ಲಿ ಹಡಗು ಹತ್ತಿ ಸಯಾಮ್ ದೇಶಕ್ಕೆ ಹೋಗಿದ್ದ. ವ್ಯಾಪಾರ ಮುಗಿದ ಮೇಲೆ ಮೂರು ದಿನ ಕಾಂಚನಬುರಿ ಅನ್ನುವ ಊರು ಸುತ್ತಿ ಬಂದ. ಬಂದದ್ದೇ ತಡ, ಸಂಜೆಯಾದರೆ ಬೀದಿಗೆ ಬೀದಿಯೇ ಅವನ ಜಗಲಿಯ ಮೇಲೆ. ಯುದ್ಧದಲ್ಲಿ ಜಪಾನಿನವರು ಕಟ್ಟಿಸಿದ ಕಬ್ಬಿಣದ ಸೇತುವೆ. ಬಾಂಬು ಬಿದ್ದ ಕಡೆ ಮಾತ್ರ ಕಮಾನು ಹೋಗಿ ಚೌಕವಾಗಿದೆಯಂತೆ. ಬಂಡೆಗೆ ಅಂಟಿಕೊಂಡು, ಮರದ ಕಾಲುಗಳ ಮೇಲೆ ಹೋಗುವ ರೈಲು ದಾರಿ. ಗವಿಯೊಳಗೆ ಬುದ್ಧ. ಕಾಡಿನಲ್ಲಿ ಏಳು ಹಂತವಾಗಿ ಇಳಿಯುವ ನೀರು, ಕಾಲಿಟ್ಟರೆ ಮೀನು ಬಂದು ಕಚಗುಳಿ ಇಡುತ್ತವಂತೆ. ಜಪಾನಿನವರಿಗೆ ಸೆರೆಸಿಕ್ಕಿ, ಆ ರೈಲು ದಾರಿ ಮಾಡಿ ಸತ್ತ ಬಿಳಿ ಸಿಪಾಯಿಗಳ ಗೋರಿಗಳು ಸಾಲು ಸಾಲಾಗಿವೆ, ಒಂದೊಂದು ಕಲ್ಲಿನ ಮೇಲೂ ಹೆಸರಿದೆ. "ನಮ್ಮ ಕಡೆಯ ಕೂಲಿಗಳೂ ಬೇಕಾದಷ್ಟು ಜನ ಸತ್ತರಂತೆ" ಎಂದು ಹೇಳಿ ಧನ್ಯಕುಮಾರ ಅಲ್ಲಿಗೆ ನಿಲ್ಲಿಸುತ್ತಿದ್ದ.

ಇಂದ್ರಕುಮಾರನಿಗೆ ಒಳಗೊಳಗೇ ಉರಿ. ಇಬ್ಬರೂ ಒಂದೇ ಸ್ಲೇಟಿನಲ್ಲಿ ಅಕ್ಷರ ಕಲಿತವರು. ಅವನು ಸಯಾಮ್ ಕಂಡ, ಇವನು ಚನ್ನರಾಯಪಟ್ಟಣ ಕಂಡ. ಸಾಲದ್ದಕ್ಕೆ ಇವನ ಹೆಂಡತಿ ಬ್ರಾಹ್ಮಿಯೇ, "ಭಾವಾ, ಆ ಮೀನಿಂದು ಇನ್ನೊಂದ್ಸಲ ಹೇಳಿ" ಅನ್ನುವಳು. ಗಂಡ ಹೇಳಿದ ಯಾವ ಮಾತನ್ನೂ ಅವಳು ಎರಡನೇ ಸಲ ಕೇಳಿದವಳಲ್ಲ.

ಅದಕ್ಕೇ ಆ ದಿನ ಅರಕಲಗೂಡಿನಲ್ಲಿ, ಧನ್ಯಕುಮಾರನ ಪರಿಚಯವೇ ಇಲ್ಲದ ಚನ್ನಪ್ಪನ ಅಂಗಡಿಯಲ್ಲಿ ಕೂತು, ಅಷ್ಟನ್ನೂ ತಾನೇ ನೋಡಿದ್ದು ಅಂತ ಹೇಳಿಬಿಟ್ಟ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಎರಡು ಸಲ ಕಾಫಿ ತರಿಸಿಕೊಟ್ಟರು.

ಆಲದ ಮರ ಹತ್ತಿರವಾಯಿತು. ಟಣ್... ಕಬ್ಬಿಣದ ಮೇಲೆ ಸುತ್ತಿಗೆ ಬಿದ್ದ ಸದ್ದು. ಹಳಿ ಗುಂಯ್ ಅಂತು. ಮತ್ತೆ, ಟಣ್... ಆಮೇಲೆ ಬೆನ್ನ ಹಿಂದೆ ಜಲ್ಲಿಯ ಮೇಲೆ ಬರಿಗಾಲು. ಚರಕ್... ಚರಕ್...

"ಸಾ..."

ಬರೀ ಪಿಸುಮಾತು.

"ಅರಕಲಗೂಡಲ್ಲಿ ಕೇಳುಸ್ಕಂಡೆ ಸಾ. ಕಾಂಚನಬುರಿಗೆ ಓಗ್ಬಂದೋರು ನೀವೇಯಾ?"

ಇಲ್ಲ ಅನ್ನಬಹುದಿತ್ತು. ಹೊಗಳಿಸಿಕೊಂಡ ಅಮಲು ಇನ್ನೂ ಇಳಿದಿರಲಿಲ್ಲ. "ಹೂಂ, ನಾನೇ" ಅಂದ.

"ಬಿಳೀರ ಗೋರಿ ತಾವ ಓಗಿದ್ರಾ?"

"ಎಲ್ಲಾ ನೋಡಿದೆ."

"ನಮ್ಮೋರ್ದು?... ಕೂಲಿಯೋರ್ದು?"

"ಅವೂ ಇವೆ. ಒಬ್ಬೊಬ್ಬರಿಗೂ ಒಂದೊಂದು ಕಲ್ಲು."

ಕಾಲ ಸದ್ದು ನಿಂತಿತು.

"ಎಸ್ರು ಕೆತ್ತವ್ರಾ?"

"ಕೆತ್ತಿದ್ದಾರೆ. ನಾನೇ ಓದಿದೆನಲ್ಲ."

ಮರದಲ್ಲಿ ಒಂದು ಎಲೆಯೂ ಅಲುಗಲಿಲ್ಲ.

"ರಬ್ಬರ್ ತ್ವಾಟದ ಕೂಲಿಗೆ ಅಂತ ಮಲಯಕ್ಕೆ ಓಗಿದ್ದೋನು ನಾನು. ಅಲ್ಲಿಂದ ಜಪಾನೋರು ರೈಲು ಕೆಲ್ಸಕ್ಕೆ ಎಳ್ಕಂಡೋದ್ರು. ಈಗ್ಲೂ ಅಲ್ಲೇ ಇವ್ನಿ ಸಾ. ನನ್ನೆಸ್ರ ಓದಿರ್ತೀರಲ್ಲ, ಅದನ್ನೊಂದ್ಸಲ ಯೋಳಿ. ಇಪ್ಪತ್ತೊರ್ಸ ಆಯ್ತು, ಯಾರೂ ಕರ್ದಿಲ್ಲ."

ಇಂದ್ರಕುಮಾರ ತಿರುಗಿ ನೋಡಿದ. ಮುಖ ಕಾಣಲಿಲ್ಲ. ಮೊಣಕಾಲಿನವರೆಗೂ ಹಸಿ ಕೆಸರು. ಊರಿನಲ್ಲಿ ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು.

"ಯೋಳಿ ಸಾ..."

"ನಾನು... ನಾನು ಹೋಗಿಲ್ಲ. ಹೋಗಿದ್ದು ನಮ್ಮಣ್ಣ."

"ಅವ್ರ ಮನೆ ಎಲ್ಲೈತೆ?"

ಕೈಯೆತ್ತಿ ತೋರಿಸಿಯೇ ಬಿಟ್ಟ. "ಬೀದಿ ಕೊನೆ. ಹಸಿರು ಬಾಗಿಲು." ಭಯಕ್ಕೆ ತೋರಿಸಿದ್ದಲ್ಲ. ಅನುಭವಿಸಲಿ, ಊರು ನೋಡಿದ್ದು ಅವನಲ್ಲವೇ, ಇದನ್ನೂ ಅವನೇ ನೋಡಲಿ ಅಂತ. ಇದನ್ನು ಇಂದ್ರಕುಮಾರನೇ ನನ್ನ ಹತ್ತಿರ ಒಪ್ಪಿಕೊಂಡದ್ದು.

ಧನ್ಯಕುಮಾರನ ಮನೆಗೆ ಎದುರು ಮನೆ ಇವನದು. ಕತ್ತಲಲ್ಲಿ ಕಿಟಕಿಯ ಸರಳು ಹಿಡಿದು ನಿಂತ. ಟಕ್... ಟಕ್... ಹಸಿರು ಬಾಗಿಲು ತೆರೆಯಿತು. ಈಗ ಕಿರುಚುತ್ತಾನೆ, ಈಗ ಕಿರುಚುತ್ತಾನೆ ಅಂತ ಕಾದ. ಕಿರುಚಲಿಲ್ಲ. ಒಳಗೆ ದೀಪ ಹತ್ತಿತು. ಎರಡು ದನಿ, ಪಿಸಪಿಸ... ಒಂದು ಬಿಕ್ಕುತ್ತಿತ್ತು. ಆಮೇಲೆ ಒಲೆ ಊದುವ ಸದ್ದು. ಫೂ... ಫೂ...

ಇದು ಜೈನರ ಮನೆ ಅಂತ ನೆನಪಿರಲಿ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಬ್ಬರೂ ಒಂದು ತುತ್ತು ಬಾಯಿಗಿಟ್ಟವರಲ್ಲ.

ಬೆಳಗಿನವರೆಗೂ ಇಂದ್ರಕುಮಾರ ಕಿಟಕಿ ಬಿಡಲಿಲ್ಲ. ಯಾರೂ ಆಚೆ ಬರಲಿಲ್ಲ. ಅಷ್ಟು ಹೊತ್ತಿಗೆ ಭಯ ಹೋಗಿ ಮತ್ತೆ ಹಳೇ ಉರಿಯೇ ಹತ್ತಿತ್ತು. ನನ್ನ ಜೊತೆ ನಾಲ್ಕು ಹೆಜ್ಜೆ, ಅವನ ಜೊತೆ ರಾತ್ರಿಯೆಲ್ಲ! ದೆವ್ವವೂ ಅವನ ಪಾಲಿಗೇ ಹೋಯಿತಲ್ಲ ಅಂತ ಸಂಕಟ.

ಬೆಳಕು ಹರಿಯುತ್ತಲೇ ಓಡಿದ. ಜಗಲಿಯ ಮೇಲೆ ಕೂತಿದ್ದ ಧನ್ಯಕುಮಾರನ ಕಣ್ಣು ಕೆಂಪಾಗಿತ್ತು.

"ರಾತ್ರಿ ಯಾರೋ ಬಂದಿದ್ರಲ್ಲಣ್ಣಾ?"

"ಬಂದಿದ್ರು."

"ಏನು ಹೇಳ್ದೆ?"

"ಇದ್ದದ್ದು ಹೇಳ್ದೆ. ಕಲ್ಲೂ ಇಲ್ಲ, ಹೆಸರೂ ಇಲ್ಲಪ್ಪ ಅಂದೆ. ಆಮೇಲೆ ನಾನೇ ಹೆಸರು ಕೇಳ್ದೆ. ಹೇಳಿದ್ರು. ಆ ಹೆಸರು ಹಿಡಿದು ಕರೆದೆ, ಬಾ ಊಟಕ್ಕೆ ಅಂತ."

"ಏನಂತೆ ಹೆಸರು?"

ಧನ್ಯಕುಮಾರ ತಮ್ಮನ ಕಡೆ ತಿರುಗಿದ.

"ನೀನು ಕಲ್ಲಿನ ಮೇಲೆ ಓದಿದ್ದೀಯಂತಲ್ಲ" ಅಂದ. ಎದ್ದು ಒಳಗೆ ಹೋದ.

ಅಲ್ಲಿಂದಾಚೆಗೆ ಆ ಜಗಲಿಯಲ್ಲಿ ಪ್ರವಾಸದ ಸುದ್ದಿ ನಿಂತೇ ಹೋಯಿತು. ಆ ಹೆಸರು ಮಾತ್ರ ಇಂದ್ರಕುಮಾರನಿಗೆ ಕಡೆಗೂ ಸಿಗಲಿಲ್ಲ. ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ ಅಂತ ಕೊರಗುತ್ತಲೇ ಮುದುಕನಾದ.

ನಂಬುವುದಿದ್ದರೆ ನಂಬಿ. ಸುಳ್ಳು ಹೇಳಿ ನನಗೇನಾಗಬೇಕು? ಆ ಬೆಳಿಗ್ಗೆ ಅವರ ಮನೆಗೆ ಹಾಲು ಹಾಕಲು ಹೋಗಿದ್ದ ಮುದ್ದಮ್ಮ ಹಿತ್ತಲಲ್ಲಿ ಕಣ್ಣಾರೆ ಕಂಡಿದ್ದಾಳೆ. ಒಂದೇ ಒಂದು ಬಾಳೆಲೆ, ಉಂಡು ಮಡಿಸಿದ್ದು. ಅದರ ಮೇಲೆ ಕೆಸರಿನಲ್ಲಿ ಐದು ಬೆರಳಿನ ಗುರುತು. ಇನ್ನೂ ಒಣಗಿರಲಿಲ್ಲ.